ಪಾದ್ರಿ ಪಾಲಿನ ಹಂಡೆ

ವಿಂಡ್‌ಹಿಲ್, ಕನೆಕ್ಟಿಕಟ್

1817, ನವೆಂಬರ್ 3

ಇವತ್ತು ಊರ ನೋಟೀಸು ಬಡಿಯುವ ಸಾರುಗಂಬದ ಕೆಳಗೆ ಕಾಬ್‌ನ ಹಸುವನ್ನು ಮಾರಿದೆ. ಕಾಬ್ ಬ್ಯಾಪ್ಟಿಸ್ಟ್. ಹಸುವಿಗೆ ತಾನು ಯಾವ ಮತಕ್ಕೆ ಸೇರಿದ್ದು ಎಂಬುದು ತಿಳಿಯದು. ಕೊಂಡವನ ಕೊಟ್ಟಿಗೆಯಲ್ಲಿ ಸಂಜೆಯೇ ಪಾತ್ರೆ ತುಂಬ ಹಾಲು ಕೊಟ್ಟಿತಂತೆ. ಮನುಷ್ಯರಿಗೂ ಅಷ್ಟು ಬುದ್ಧಿ ಇದ್ದಿದ್ದರೆ ನನ್ನ ಕಸುಬು ಅರ್ಧ ಮುಳುಗುತ್ತಿತ್ತು.

ಕಸುಬು ಎಂದರೆ ಹರಾಜು ಕೂಗುವುದು. ಮೀಸೆ ಬರುವ ಮೊದಲೇ ಬೆನ್ನ ಮೇಲೆ ತಗಡಿನ ಪಾತ್ರೆಗಳ ಗಂಟು ಹೊತ್ತು ಮನೆಮನೆ ತಿರುಗಿದವನು ನಾನು. ಸೈಲಸ್ ಪೆಟಿಬೋನ್ ತೂತಿಲ್ಲದ ಜರಡಿಯನ್ನೂ ಮಾರಿದ್ದಾನೆ ಎಂದು ಊರವರು ಹೇಳುತ್ತಾರೆ, ನಾನು ಅಲ್ಲಗಳೆದಿಲ್ಲ. ಈಗ ಸ್ವಂತ ಅಂಗಡಿ, ಎರಡಂತಸ್ತಿನ ಮನೆ, ಗೋಡೆಗೊಂದು ಗಡಿಯಾರ. ಇದರಲ್ಲಿ ಯಾವುದೂ ಅಪ್ಪ ಬಿಟ್ಟುಹೋದದ್ದಲ್ಲ. ನಾಲಿಗೆ ದುಡಿದದ್ದು.

ಕಾಬ್ ಕಂಬದ ಆಚೆ ಟೋಪಿ ಹಾಕಿಕೊಂಡೇ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳ ಬಂದರೆ ಜನ ಸೇರುತ್ತಾರೆ, ಜನ ಸೇರಿದರೆ ಬೆಲೆ ಏರುತ್ತದೆ.

ಕಾನೂನು ನೇರವಾಗಿದೆ. ಊರಲ್ಲಿ ಒಲೆ ಹಚ್ಚುವ ಪ್ರತಿಯೊಬ್ಬರೂ ಊರ ಚರ್ಚಿನ ಪಾದ್ರಿಯ ಸಂಬಳಕ್ಕೆ ತೆರಿಗೆ ಕೊಡಬೇಕು. ಬೇರೆ ಮತದವನಾದರೆ ‘ನಾನು ಇಂಥ ಮತದವನು, ನನ್ನನ್ನು ಬಿಟ್ಟುಬಿಡಿ’ ಎಂದು ಒಂದು ಚೀಟಿ ಬರೆದು ಗುಮಾಸ್ತನಿಗೆ ಕೊಟ್ಟರೆ ಮುಗಿಯಿತು. ಈ ವರ್ಷ ನಮ್ಮೂರ ಬ್ಯಾಪ್ಟಿಸ್ಟರು ಆ ಚೀಟಿಯನ್ನೂ ಕೊಡುವುದಿಲ್ಲ ಎಂದು ಕಾಬ್‌ನ ಕೊಟ್ಟಿಗೆಯಲ್ಲಿ ಕೂತು ಗೊತ್ತುಮಾಡಿಕೊಂಡಿದ್ದಾರೆ. ಅವರ ಚರ್ಚೂ ಅದೇ ಕೊಟ್ಟಿಗೆ, ಅವರ ಬೋಧಕನೂ ಅದೇ ಕಾಬ್. ತೆರಿಗೆ ಎತ್ತುವವನು ಊರ ಚರ್ಚಿನ ಹಿರಿಯ, ಡೀಕನ್ ಲೂಮಿಸ್. ಹಣ ಸಿಗದಿದ್ದರೆ ಸಾಮಾನು ಎತ್ತುತ್ತಾನೆ, ಕಂಬಕ್ಕೆ ನೋಟೀಸು ಬಡಿಯುತ್ತಾನೆ. ಗಡುವು ಮುಗಿದ ದಿನ ನಾನು ನಗಾರಿ ಬಾರಿಸಿ ಕೂಗುತ್ತೇನೆ. ನೂರಕ್ಕೆ ಐದು ನನ್ನದು. ಕೈ ಅವರದು, ನನ್ನದು ಬರೀ ಬಾಯಿ.

ನವೆಂಬರ್ 9

ಭಾನುವಾರ. ಐದನೇ ಬೆಂಚು. ಚರ್ಚಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡಲು ಒಂದು ಮಂಡಳಿಯೇ ಇದೆ. ವಯಸ್ಸು, ಆಸ್ತಿ, ಮನೆತನ ಮೂರನ್ನೂ ತೂಗಿ ಬೆಂಚು ಹಂಚುತ್ತಾರೆ. ದೇವರ ಎದುರು ಎಲ್ಲರೂ ಸಮ. ಬೆಂಚಿನ ಎದುರು ಅಲ್ಲ. ತಗಡು ಮಾರುತ್ತಿದ್ದಾಗ ನನ್ನದು ಬಾಗಿಲ ಪಕ್ಕದ ಕೊನೇ ಬೆಂಚು, ಹಿಮ ಒಳಗೆ ಬಂದರೆ ಮೊದಲು ನನ್ನ ಹೆಗಲ ಮೇಲೆ. ಐದನೆಯದಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

ನನ್ನ ಹೆಂಡತಿ ರೋಡಾಗೆ ಮೂರನೆಯದು ಬೇಕು.

“ಲೂಮಿಸ್ ಹೆಂಡ್ತಿ ಟೋಪಿ ಹಿಂಭಾಗ ನೋಡೀ ನೋಡೀ ಸಾಕಾಯ್ತು ಕಣ್ರೀ. ಅದರ ಮೇಲಿರೋ ಹಕ್ಕಿ ನನಗೆ ನೆಂಟನಾಗಿಬಿಟ್ಟಿದೆ.”

“ಮಾರ್ಚಿಗೆ ಹಂಚಿಕೆ ಇದೆಯಲ್ಲೇ.”

“ಇದೆ. ಅಲ್ಲೀತನಕ ನಿಮ್ಮ ಅಕ್ಕ ಬಾಯಿ ಮುಚ್ಕೊಂಡಿದ್ರೆ ಸಾಕು.”

ಅಕ್ಕ ಎಂದರೆ ಹೆಪ್ಸಿಬಾ. ವಿಧವೆ. ಗಿರಣಿ ಹಳ್ಳದ ಪಕ್ಕ ಒಂಟಿ ಕೋಣೆ, ನೂಲಿಗೆ ಬಣ್ಣ ಹಾಕಿ ಬದುಕುತ್ತಾಳೆ. ಏಪ್ರಿಲ್‌ನಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿದ್ದ ಹೊಳೆಗಿಳಿದು ಮುಳುಗಿ ಎದ್ದು ಬ್ಯಾಪ್ಟಿಸ್ಟ್ ಆದಳು. ಮುಳುಗುವುದಾದರೆ ಜುಲೈನಲ್ಲಿ ಮುಳುಗಬಾರದಿತ್ತೇ ಎಂದು ಕೇಳಿದ್ದಕ್ಕೆ, “ದೇವರು ಹವಾಮಾನ ನೋಡ್ಕೊಂಡು ಕರೆಯಲ್ಲ ಕಣೋ” ಅಂದಳು. ಅಮ್ಮ ಸತ್ತಾಗ ನನಗೆ ಮೂರು ವರ್ಷ. ಬೆಳೆಸಿದವಳು ಇವಳೇ.

ನವೆಂಬರ್ 12

ಅಕ್ಕನ ಮನೆಗೆ ಹೋಗಿದ್ದೆ. ಹಂಡೆಯಲ್ಲಿ ಮಂಜಿಷ್ಠ ಕುದಿಯುತ್ತಿತ್ತು; ಮೊಣಕೈವರೆಗೂ ಅವಳ ಕೈ ಕೆಂಪು. ಅಮ್ಮನ ಕಾಲದ ಹಿತ್ತಾಳೆ ಹಂಡೆ ಅದು. ಶನಿವಾರ ಸಂಜೆ ಅದರಲ್ಲೇ ಕೂರಿಸಿ ನನಗೆ ಸ್ನಾನ ಮಾಡಿಸುತ್ತಿದ್ದಳು. ಒಂದು ಕಡೆ ಸಣ್ಣ ತಗ್ಗಿದೆ, ನಾನು ಚಮಚದಿಂದ ಬಡಿದದ್ದಂತೆ. ಈ ಸುತ್ತಿನಲ್ಲಿ ಅಂಥ ಕೆಂಪು ಬೇರೆ ಯಾರ ಕೈಯಲ್ಲೂ ಬರುವುದಿಲ್ಲ, ಅರ್ಧ ಕೈಗುಣ, ಅರ್ಧ ಹಂಡೆಯ ಗುಣ.

“ಅಕ್ಕಾ, ಒಂದು ಚೀಟಿ. ಎರಡೇ ಸಾಲು. ನಾನೇ ಬರೀತೀನಿ, ನೀನು ಗುರುತು ಹಾಕಿದ್ರೆ ಸಾಕು.”

“ಏನಂತ ಬರೀತೀಯಾ?”

“ನೀನು ಬ್ಯಾಪ್ಟಿಸ್ಟ್ ಅಂತ.”

“ಸುಳ್ಳೇನಲ್ಲ.”

“ಮತ್ತೆ?”

“ಯಾರಿಗೆ ಬರೀತೀಯಾ?”

“ಗುಮಾಸ್ತನಿಗೆ. ಇನ್ಯಾರಿಗೆ?”

ಕೋಲಿನಿಂದ ನೂಲೆತ್ತಿ ಬಣ್ಣ ನೋಡಿದಳು. ಸಾಲದೆಂದು ಮತ್ತೆ ಮುಳುಗಿಸಿದಳು.

“ನಾನು ದೇವರನ್ನ ಹ್ಯಾಗೆ ಕರೀಬೇಕು ಅನ್ನೋದಕ್ಕೆ ಗುಮಾಸ್ತನ ಅಪ್ಪಣೆ ಬೇಕೇನೋ?”

“ಅಪ್ಪಣೆ ಅಲ್ಲವೇ ಮಾರಾಯ್ತಿ, ಬರೀ ತಿಳಿಸೋದು.”

“ತಿಳಿಸಲಿಲ್ಲ ಅಂದ್ರೆ ಹಸು ಎಳ್ಕೊಂಡು ಹೋಗ್ತಾರೆ. ಅದಕ್ಕೆ ತಿಳಿಸೋದು ಅಂತಾರಾ? ಕೇಳ್ಕೊಂಡವಳು ನಾನಾದ್ರೆ, ಇಲ್ಲ ಅನ್ನೋ ಹಕ್ಕು ಅವನಿಗೆ ಕೊಟ್ಟವಳೂ ನಾನೇ ಆಗ್ತೀನಿ.”

“ಹೋಗ್ಲಿ, ನಿನ್ನ ತೆರಿಗೆ ನಾನು ಕಟ್ತೀನಿ. ಒಂದು ಜೊತೆ ಬೂಟಿನ ದುಡ್ಡು.”

“ನೀನು ನಿನ್ನ ಪಾದ್ರಿಗೆ ಬೂಟು ಕೊಡಿಸು. ನನ್ನ ಹೆಸರಲ್ಲಿ ಕೊಡಿಸಬೇಡ.”

ಹಟ. ಹಟಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಮೆಕ್ಕೆಜೋಳದ ರೊಟ್ಟಿ, ಕಾಕಂಬಿ ಕೊಟ್ಟಳು. ತಿಂದು ಬಂದೆ.

ನವೆಂಬರ್ 20

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನೇ ಚೀಟಿ ಬರೆದೆ. ಕೊನೆಯಲ್ಲಿ ಅವಳ ಗುರುತು ಹಾಕಿದೆ. ಅಕ್ಕನಿಗೆ ಬರೆಯಲು ಬಾರದು. ಗುಡಾರದ ಆಕಾರ ಗೀಚಿ ಒಳಗೊಂದು ಚುಕ್ಕೆ ಇಡುತ್ತಾಳೆ. ನನಗೂ ಬಂತು. ಗುಮಾಸ್ತ ಓದಿ, “ಕೊನೆಗೂ ಬುದ್ಧಿ ಬಂತಾ?” ಎಂದು ಪೆಟ್ಟಿಗೆಗೆ ಹಾಕಿದ.

ಹಂಡೆ ಉಳಿಯಿತು, ಅಕ್ಕನ ಹಟವೂ ಉಳಿಯಿತು. ಇದಕ್ಕಿಂತ ಲಾಭದ ವ್ಯಾಪಾರ ಈ ವರ್ಷ ಮಾಡಿಲ್ಲ. ರೋಡಾಗೂ ಹೇಳಿಲ್ಲ.

ಡಿಸೆಂಬರ್ 8

ಎಣಿಸದೆ ಇದ್ದದ್ದು ಒಂದೇ ಒಂದು: ಲೂಮಿಸ್‌ನ ಬಾಯಿ. ಛತ್ರದಲ್ಲಿ ರಮ್ ಕುಡಿಯುತ್ತಾ, “ಬ್ಯಾಪ್ಟಿಸ್ಟರ ಗಟ್ಟಿ ಗೂಟವೇ ಬಾಗಿತು, ಉಳಿದದ್ದೆಲ್ಲ ಕಡ್ಡಿ” ಎಂದು ಹೇಳಿಕೊಂಡು ಬಂದಿದ್ದಾನೆ. ಕಾಬ್‌ನ ಕಿವಿಗೆ ಬಿತ್ತು. ನಿನ್ನೆ ಕೊಟ್ಟಿಗೆಯಲ್ಲಿ ಎಲ್ಲರೆದುರು ಅಕ್ಕನನ್ನು ಕೇಳಿದನಂತೆ. ಇಲ್ಲ ಎಂದಳಂತೆ. ಗುಮಾಸ್ತನ ಪೆಟ್ಟಿಗೆಯಲ್ಲಿ ನಿನ್ನ ಗುರುತಿದೆ, ನಾನೇ ನೋಡಿ ಬಂದೆ ಎಂದನಂತೆ. ಆರಾಧನೆಯಲ್ಲಿ ಪ್ರಭುವಿನ ರೊಟ್ಟಿ ಮುರಿದು ಎಲ್ಲರಿಗೂ ಹಂಚುವ ಹೊತ್ತಿಗೆ ತಟ್ಟೆ ಅವಳನ್ನು ದಾಟಿ ಮುಂದಕ್ಕೆ ಹೋಯಿತಂತೆ.

ಇವತ್ತು ಬೆಳಿಗ್ಗೆ ಅಂಗಡಿಗೆ ಬಂದಳು. ಗಿರಾಕಿಗಳಿದ್ದರು. ಅವರು ಹೋಗುವವರೆಗೂ ಮೊಳೆಯ ಪೀಪಾಯಿ ಪಕ್ಕ ನಿಂತಿದ್ದಳು.

“ನೀನಾ?”

“ಅಕ್ಕಾ, ನಿನ್ನ ಒಳ್ಳೇದಕ್ಕೆ…”

“ನೀನಾ ಅಂತ ಕೇಳ್ದೆ.”

“ಹೂಂ.”

“ಹೊಳೇಲಿ ಮುಳುಗಿದಾಗ ನನ್ನ ಮೈಯಷ್ಟೇ ನಡುಗಿತ್ತು ಕಣೋ.” ಇಷ್ಟೇ ಅಂದದ್ದು. ಅಲ್ಲಿಂದ ನೇರ ಗುಮಾಸ್ತನಲ್ಲಿಗೆ ಹೋಗಿ, ಅದು ತನ್ನ ಚೀಟಿಯಲ್ಲವೆಂದು ಎಲ್ಲರೆದುರು ಹೇಳಿ, ವಾಪಸು ಇಸಿದುಕೊಂಡು, ಅವನ ಒಲೆಗೇ ಹಾಕಿ ಬಂದಳಂತೆ. ಯಾರು ಬರೆದದ್ದೆಂದು ಗುಮಾಸ್ತ ಕೇಳಿದನಂತೆ. ಹೇಳಲಿಲ್ಲವಂತೆ. ನನ್ನ ಹೆಸರು ಹೇಳಿದ್ದರೆ ಕಾಬ್ ಅವಳನ್ನು ನಂಬುತ್ತಿದ್ದ, ನನ್ನನ್ನು ಕೋರ್ಟು ಹತ್ತಿಸುತ್ತಿದ್ದರು. ಈಗ ಕಾಬ್ ಅರ್ಧ ನಂಬಿದ್ದಾನೆ. ತಟ್ಟೆ ಇನ್ನೂ ದಾಟುತ್ತಲೇ ಇದೆ.

ಲಾಭದ ವ್ಯಾಪಾರ ಎಂದು ಬರೆದಿದ್ದೆ. ಹೊಡೆದು ಹಾಕುವುದಿಲ್ಲ. ಬರೆದದ್ದು ಇರಲಿ.

ಡಿಸೆಂಬರ್ 27

ಲೂಮಿಸ್ ಹಂಡೆ ಎತ್ತಿದ. ಒಲೆಯ ಮೇಲಿತ್ತಂತೆ. ಬಣ್ಣವನ್ನು ಹಿಮದ ಮೇಲೆ ಚೆಲ್ಲಿ ಗಾಡಿಗೆ ಹಾಕಿದ. ಹಳ್ಳದ ದಾರಿಯಲ್ಲಿ ಇವತ್ತು ಹೋದವರೆಲ್ಲ ಹಂದಿ ಕೊಯ್ದಿದ್ದಾರೆಂದುಕೊಂಡರು.

ಅಂಗಡಿಗೆ ಬಂದು ಹೇಳಿದ: “ಬೇಜಾರು ಮಾಡ್ಕೋಬೇಡ ಪೆಟಿಬೋನ್. ಕಾನೂನಿಗೆ ಅಕ್ಕ ತಂಗಿ ಇಲ್ಲ. ಬೇಕಾದ್ರೆ ಪಕ್ಕದೂರಿನ ಕೂಗೋನ್ನ ಕರೆಸ್ತೀನಿ.”

“ಬೇಡಿ ಡೀಕನ್ನರೇ. ನಾನೇ ಕೂಗ್ತೀನಿ.”

ಯಾಕೆ ಹಾಗಂದೆ? ಪಕ್ಕದೂರಿನವನು ಗೊಗ್ಗರು ಗಂಟಲಿನವನು, ಸಾಮಾನು ಹಾಳುಮಾಡುತ್ತಾನೆ. ಅದಕ್ಕೇ.

1818, ಜನವರಿ 19

ಕಮ್ಮಾರ ಓಝಿಯಾಸ್‌ಗೆ ಮೊದಲೇ ಹೇಳಿದ್ದೆ: ಹಂಡೆಗೆ ನೀನು ಬೆಲೆ ಕೂಗು, ಹಣ ನನ್ನದು, ಯಾರಿಗೂ ಬಾಯಿ ಬಿಡಬೇಡ.

ಅಕ್ಕ ಮುಂದೆಯೇ ನಿಂತಿದ್ದಳು. ನಗಾರಿ ಬಾರಿಸುವ ಮುಂಚೆ ಹತ್ತಿರ ಬಂದು, “ಸರಿಯಾಗಿ ಸಾರು. ಯಾರದ್ದು, ಯಾಕೆ ಮಾರ್ತಿದ್ದಾರೆ, ಅಷ್ಟು ಹೇಳು” ಅಂದಳು.

ನಾನು ಹೇಳಿದ್ದು: “ಬನ್ನಿ ಬನ್ನಿ, ಹಳೇ ಇಂಗ್ಲೆಂಡಿನ ಹಿತ್ತಾಳೆ! ನಿಮ್ಮಜ್ಜಿಗಿಂತ ಹಳೇದು, ನಿಮ್ಮಜ್ಜಿಗಿಂತ ಗಟ್ಟಿ! ತಟ್ಟಿದ್ರೆ ಚರ್ಚಿನ ಗಂಟೆ, ತುಂಬಿಸಿದ್ರೆ ಮದುವೆ ಊಟ!” ಜನ ನಕ್ಕರು. ನಗಿಸಿದರೆ ಜೇಬು ಸಡಿಲವಾಗುತ್ತದೆ. ಹಂದಿಯ ರೋಮ ತೆಗೆಯಲು ನೀರು ಕಾಯಿಸಬೇಕೆಂದು ಲೂಮಿಸ್ ತಾನೇ ಬೆಲೆ ಕೂಗಿದ; ಓಝಿಯಾಸ್ ಅವನ ಮೇಲೆ, ಇವನು ಓಝಿಯಾಸ್ ಮೇಲೆ. ನನ್ನ ಹಣಕ್ಕೆ ನಾನೇ ಬೆಲೆ ಏರಿಸುತ್ತಾ ನಿಂತೆ. ಕಸುಬಿನ ಗಂಟಲಿಗೆ ಇಳಿಸಿ ಕೂಗಲು ಬರುವುದಿಲ್ಲ. ಓಝಿಯಾಸ್‌ಗೆ ಬಿತ್ತು.

ತೆರಿಗೆ, ಖರ್ಚು ಕಳೆದು ಮಿಕ್ಕಿದ್ದನ್ನು ಲೂಮಿಸ್ ಅಕ್ಕನ ಕಡೆ ಚಾಚಿದ. ಕಾನೂನಿನಂತೆ ನಡೆಯುವವನು ಅವನು, ಒಂದು ಸೆಂಟ್ ತಿನ್ನುವುದಿಲ್ಲ. ಅವಳು ಕೈ ಚಾಚಲಿಲ್ಲ. ಕಂಬದ ಬುಡದಲ್ಲಿಟ್ಟು ಹೋದ. ಸಂಜೆವರೆಗೂ ಅಲ್ಲೇ ಇತ್ತು. ಆಮೇಲೆ ಇರಲಿಲ್ಲ.

ಜನವರಿ 20

ಜಾರುಬಂಡಿಯಲ್ಲಿ ಹಂಡೆ ಇಟ್ಟುಕೊಂಡು ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ತಡೆದಳು.

“ದುಡ್ಡು ಯಾರದ್ದು?”

“ನನ್ನದು. ತಗೋ, ಒಲೆ ಮೇಲಿಡು. ಯಾರಿಗೂ ಗೊತ್ತಾಗಲ್ಲ.”

“ಆ ದುಡ್ಡು ಎಲ್ಲಿಗೆ ಹೋಯ್ತು?”

ಹಂಡೆಯನ್ನು ಹೊಸ್ತಿಲ ಮೇಲಿಟ್ಟೆ.

“ಪಾದ್ರಿ ಮನೆಗೆ ಹೋಯ್ತು. ಇದನ್ನ ಒಳಗೆ ತಗೊಂಡ್ರೆ, ನಾನು ತೆರಿಗೆ ಕಟ್ಟಿ ಬಿಡಿಸ್ಕೊಂಡ ಹಾಗೆ. ಕಾಬ್‌ಗೆ ಏನು ಹೇಳಲಿ? ಅವನ ಹಸು ಯಾರೂ ಬಿಡಿಸ್ಕೊಡಲಿಲ್ಲ.”

“ಅಕ್ಕಾ, ಹಂಡೆ ಇಲ್ದೆ ಏನ್ಮಾಡ್ತೀಯಾ?”

“ಅದನ್ನ ನಿನ್ನೆ ನಗಾರಿ ಬಾರಿಸುವಾಗ ಕೇಳಬೇಕಿತ್ತು.”

ವಾಪಸು ತಂದೆ. ಈಗ ನಮ್ಮ ಮುಂದಿನ ಕೋಣೆಯಲ್ಲಿದೆ. ರೋಡಾ ಅದಕ್ಕೆ ಉರುವಲು ತುಂಬಿದ್ದಾಳೆ.

ಫೆಬ್ರವರಿ 14

ಅಕ್ಕ ಕಬ್ಬಿಣದ ಮಡಕೆ ಎರವಲು ತಂದು ಬಣ್ಣ ಹಾಕುತ್ತಿದ್ದಾಳೆ. ಕಬ್ಬಿಣ ಮಂಜಿಷ್ಠವನ್ನು ತಿನ್ನುತ್ತದೆ. ಕೆಂಪು ಹಾಕಿದರೆ ಒಣಗಿದ ರಕ್ತದ ಬಣ್ಣ, ಹಳದಿ ಹಾಕಿದರೆ ಕೆಸರು. ಮದುವೆಗೆಂದು ನೂಲು ಕೊಟ್ಟವರೊಬ್ಬರು ಜಗಳ ಮಾಡಿ ಹೋದರಂತೆ. ರೋಡಾ ತನ್ನ ನೂಲನ್ನು ಸದ್ದಿಲ್ಲದೆ ಬೇರೆಯವಳಿಗೆ ಕೊಟ್ಟಿದ್ದಾಳೆ. “ಸಂಬಂಧ ಬೇರೆ, ಶಾಲು ಬೇರೆ ಕಣ್ರೀ” ಅಂದಳು. ನಾನೇ ಕಲಿಸಿದ ಮಾತು.

ಮಾರ್ಚ್ 1

ಭಾನುವಾರ. ಮೂರನೇ ಬೆಂಚು! ‘ಚರ್ಚಿಗೆ ಸಲ್ಲಿಸಿದ ಸೇವೆಯನ್ನು ಪರಿಗಣಿಸಿ’ ಎಂದು ಮಂಡಳಿಯ ಮಾತು. ರೋಡಾ ಹೊಸ ಟೋಪಿ ಹಾಕಿದ್ದಳು. ಹಿಂದಿನ ಬೆಂಚಿನವರು ಈಗ ಅದರ ಹಕ್ಕಿ ನೋಡಲಿ.

ಮೂರನೇ ಬೆಂಚಿನಿಂದ ಪಾದ್ರಿ ಕಿಂಬರ್ಲಿಯವರ ಬೂಟು ಕಾಣುತ್ತದೆ. ಹೊಸದು, ಒಳ್ಳೆಯ ಚರ್ಮ. ಉಪದೇಶ ಎರಡು ಗಂಟೆ, ಬೈಬಲಿನ ಬಡ ವಿಧವೆಯ ಕಾಣಿಕೆಯ ಬಗ್ಗೆ. ಒಂದು ಅಕ್ಷರ ಕೇಳಿಸಲಿಲ್ಲ. ಬೂಟನ್ನೇ ನೋಡುತ್ತಿದ್ದೆ.

ಬಾಗಿಲಲ್ಲಿ ಕೈಕುಲುಕಿದರು. ಒಳ್ಳೆಯ ಮನುಷ್ಯ. ರೋಡಾಗೆ ಜ್ವರ ಬಂದಾಗ ಮೂರು ದಿನ ಬಂದು ಕೂತಿದ್ದರು. ಕೇಳಿಯೇಬಿಟ್ಟೆ: “ಪಾದ್ರಿಗಳೇ, ನಮ್ಮಕ್ಕನ ಹಂಡೆ ನಿಮ್ಮ ಸಂಬಳಕ್ಕೆ ಸೇರಿದ್ದು ನಿಮಗೆ ಗೊತ್ತಾ?”

ಮುಖ ಸಣ್ಣಗಾಯಿತು. “ನನಗೆ ಬರೋದು ಹಣ, ಪೆಟಿಬೋನ್. ಅದು ಹಿಂದೆ ಏನಾಗಿತ್ತು ಅಂತ ಯಾರೂ ಹೇಳಲ್ಲ. ನಾನೂ… ಕೇಳಲ್ಲ.”

ಸುಳ್ಳು ಹೇಳದೆ ಇದ್ದದ್ದಕ್ಕೆ ಒಂದು ಅಂಕ ಕೊಡೋಣ. ಕೇಳದೆ ಇದ್ದದ್ದಕ್ಕೆ? ನಾನೂ ಎಂದೂ ಕೇಳಿದವನಲ್ಲ.

ಮಾರ್ಚ್ 30

ಏನೂ ಇಲ್ಲ.

ಏಪ್ರಿಲ್ 17

ಉಪ್ಪಿಟ್ಟ ಹಂದಿಮಾಂಸದ ಒಂದು ತುಂಡು, ಒಂದು ಚೀಲ ಹಿಟ್ಟು ಅಕ್ಕನ ಬಾಗಿಲಲ್ಲಿ ಇಟ್ಟು ಬಂದೆ. ಸಂಜೆಗೆ ನನ್ನ ಬಾಗಿಲಲ್ಲಿತ್ತು. ಹಿಟ್ಟಿನ ಚೀಲಕ್ಕೆ ತೂತಾಗಿತ್ತು, ಅದನ್ನು ಹೊಲಿದು ಕಳಿಸಿದ್ದಳು.

ಮೇ 11

ಕಾಬ್ ಜಮೀನು ಮಾರಿ ನ್ಯೂಯಾರ್ಕ್ ಸೀಮೆಯ ಪಶ್ಚಿಮಕ್ಕೆ, ಜೆನೆಸೀ ಕಡೆಗೆ ಹೊರಟ. ಅವನ ಮನೆಯವರ ಜೊತೆ ಅಕ್ಕನೂ. ಅಲ್ಲಿ ಕಾಡು ಕಡಿಯಬೇಕು, ಕಂಬಗಳಿನ್ನೂ ನೆಟ್ಟಿಲ್ಲವಂತೆ. ಐವತ್ತು ದಾಟಿದವಳು ಗಾಡಿಯ ಹಿಂದೆ ನಡೆದು ಹೋಗುವ ದೂರವೇ ಅದು? ತಟ್ಟೆ ಈಗ ಅವಳ ಮುಂದೆ ನಿಲ್ಲುತ್ತದಂತೆ. ಅಷ್ಟಕ್ಕೆ ಅವಳು ಕೊಟ್ಟ ಬೆಲೆ ಇದು.

ಛತ್ರದ ತಿರುವಿನಲ್ಲಿ ಗಾಡಿ ನಿಲ್ಲಿಸಿದರು. ಹಂಡೆ ಹೊತ್ತು ತಂದಿದ್ದೆ.

“ಅಕ್ಕಾ, ಅಲ್ಲಿ ಪಾದ್ರಿ ತೆರಿಗೆ ಇಲ್ಲ. ಅಲ್ಲಿಗಾದ್ರೂ ತಗೊಂಡು ಹೋಗು.”

ಕೈ ಚಾಚಿದಳು. ತಗೊಂಡಳು ಎಂದುಕೊಂಡೆ. ತಗ್ಗಿನ ಮೇಲೆ ಹೆಬ್ಬೆರಳು ಸವರಿದಳು.

“ಇದರಲ್ಲಿ ಕೂತ್ಕೊಂಡು ಎಷ್ಟು ಮಾತಾಡ್ತಿದ್ದೆ ನೀನು. ನೀರು ತಣ್ಣಗಾಗೋವರೆಗೂ ಬಾಯಿ ನಿಲ್ತಿರಲಿಲ್ಲ. ಈ ಹುಡುಗ ಮಾತಲ್ಲೇ ಬದುಕ್ತಾನೆ ಅಂದ್ಕೊಂಡಿದ್ದೆ.”

“ಬದುಕಿದೀನಲ್ಲ ಅಕ್ಕಾ.”

“ಹೂಂ. ಅವತ್ತು ಕಂಬದ ಹತ್ರ ನಾನು ಒಂದು ಮಾತು ಕೇಳಿದ್ನಲ್ಲೋ, ನಿನ್ನ ಹತ್ರ ಅದೊಂದು ಇರಲಿಲ್ಲ.”

ಕಾಬ್ ಎತ್ತುಗಳಿಗೆ ಕೂಗಿದ. ಹಂಡೆ ನನ್ನ ಕೈಯಲ್ಲೇ ಉಳಿಯಿತು. ಭಾರ ಇದೆ, ದೂರ ಹೊರುವಂಥದ್ದಲ್ಲ.

ಜುಲೈ 22

ಸೆಕೆ. ವ್ಯಾಪಾರ ಮಂದ. ಹಂಡೆಯಿಂದ ಉರುವಲು ತೆಗೆಸಿ ತೊಳೆದಿಟ್ಟೆ. ಯಾಕೆಂದು ರೋಡಾ ಕೇಳಿದಳು. ಹುಳ ಹಿಡಿಯುತ್ತದೆ ಅಂದೆ. ಹಿತ್ತಾಳೆಗೆ ಹುಳ ಹಿಡಿಯುವುದಿಲ್ಲ ಎಂದು ಅವಳಿಗೂ ಗೊತ್ತು.

ಅಕ್ಟೋಬರ್ 5

ಇವತ್ತು ಹೊಸ ಸಂವಿಧಾನಕ್ಕೆ ವೋಟು. ರಾಜ್ಯದಲ್ಲಿ ಇನ್ನು ಮೇಲೆ ಸರ್ಕಾರ ಬೇರೆ, ಚರ್ಚು ಬೇರೆಯಂತೆ. ಛತ್ರದಲ್ಲಿ ಸೈಡರ್ ಪೀಪಾಯಿ ಒಡೆದರು. ಕಳೆದ ವರ್ಷ ಕಾಬ್‌ನ ಹಸುವಿಗೆ ಬೆಲೆ ಕಟ್ಟಿದವರೇ ಇವತ್ತು ಸ್ವಾತಂತ್ರ್ಯಕ್ಕೆ ಲೋಟ ಎತ್ತಿದರು. ಡೀಕನ್ ಲೂಮಿಸ್ ವೋಟು ಹಾಕಿದ್ದು ವಿರುದ್ಧವಾಗಿ. ಕುಡಿದದ್ದು ಮಾತ್ರ ಎಲ್ಲರ ಜೊತೆ.

ಗುಮಾಸ್ತ ಕಾಗದ ಚಾಚಿದ: “ಏನಯ್ಯಾ ಪೆಟಿಬೋನ್, ನಿನ್ನ ಗಂಟಲು ಬೇಕು. ಕಂಬದ ಹತ್ತಿರ ನಿಂತು ಇದನ್ನ ಓದಿ ಹೇಳು ಜನಕ್ಕೆ.”

ಓದಿದೆ. ಯಾರನ್ನೂ ಯಾವ ಚರ್ಚಿಗೂ ಸೇರು ಎಂದಾಗಲಿ, ಹಣ ಕೊಡು ಎಂದಾಗಲಿ ಬಲವಂತ ಮಾಡುವಂತಿಲ್ಲ. ಚಪ್ಪಾಳೆ. ಕೆಳಗೆ ಇನ್ನೊಂದು ಮಾತಿತ್ತು. ಈಗ ಯಾವ ಚರ್ಚಿಗೆ ಸೇರಿದ್ದಾನೋ ಅದರಲ್ಲೇ ಇರತಕ್ಕದ್ದು. ಬಿಡಬೇಕೆನ್ನುವವನು ಅಲ್ಲಿನ ಗುಮಾಸ್ತನಿಗೆ ಒಂದು ಚೀಟಿ ಬರೆದು ಕೊಡತಕ್ಕದ್ದು.

ಅಲ್ಲಿ ನಿಂತೆ. ಮುಂದೆ ಓದು ಎಂದು ಯಾರೋ ಕೂಗಿದರು.

ಅಕ್ಕ ಒಂದು ವರ್ಷ ತಡೆದು ಹಟ ಹಿಡಿದಿದ್ದರೆ ಹಂಡೆ ಉಳಿಯುತ್ತಿತ್ತು ಎಂದು ರೋಡಾ ಊಟಕ್ಕೆ ಕೂತಾಗ ಹೇಳಿದಳು. ಬುದ್ಧಿವಂತಳು ನನ್ನ ಹೆಂಡತಿ. ಕುಂಬಳದ ಕಡುಬು ಬಿಟ್ಟು ಎದ್ದೆ.

ನವೆಂಬರ್ 16

ಲೂಮಿಸ್ ಬಂದಿದ್ದ. ಈ ವರ್ಷದ ಪಾದ್ರಿ ತೆರಿಗೆ ಇನ್ನು ಚರ್ಚಿನವರಿಗೆ ಮಾತ್ರ. ಹೊರಗಿನವರು ಬಿಟ್ಟುಹೋದದ್ದರಿಂದ ನಮ್ಮ ಪಾಲು ಏರಿದೆ.

“ಈಗ ಆಗಲ್ಲ ಡೀಕನ್ನರೇ.”

“ಅಂಗಡಿ ನಡೀತಿಲ್ವಾ?”

“ನಡೀತಿದೆ.”

“ಚರ್ಚು ಬಿಡ್ತೀಯೇನು? ಬಿಡೋದಾದ್ರೆ ಬಿಡು, ಈಗ ಎಲ್ಲರೂ ಸ್ವತಂತ್ರರು. ಒಂದು ಚೀಟಿ ಬರೆದುಕೊಡು, ನಾಳೆಯಿಂದ ನಿನ್ನ ತಂಟೆಗೆ ಬರಲ್ಲ.”

“ಯಾರಿಗೆ ಬರೀಲಿ?”

“ಗುಮಾಸ್ತನಿಗೆ. ಇನ್ಯಾರಿಗೆ?”

“ನೋಡೋಣ.”

ಆತುರವೇನಿದೆ? ಶಾಯಿಯೂ ಹೆಪ್ಪುಗಟ್ಟುವ ಕಾಲ. ಅಷ್ಟೇ, ಬೇರೇನಿಲ್ಲ. ಸುಮ್ಮನೆ ಒಂದು ಕಾಗದ ಯಾಕೆ ಹಾಳುಮಾಡಬೇಕು?

ಡಿಸೆಂಬರ್ 20

ಭಾನುವಾರ. ಚರ್ಚಿಗೆ ಹೋಗಲಿಲ್ಲ. ಹೋದ ವಾರವೂ. ಚಳಿ.

ರೋಡಾ ಮೂರನೇ ಬೆಂಚಿನಲ್ಲಿ ಒಬ್ಬಳೇ ಕೂತು ಬಂದಳು. “ಕಟ್ಟಿ ಬಿಡ್ರೀ. ಇಲ್ಲ ಚೀಟಿ ಬರ್ಕೊಡಿ. ಎರಡರಲ್ಲಿ ಒಂದು ಮಾಡಿ. ನಿಮಗೆ ದೇವರ ಮೇಲೆ ಸಿಟ್ಟಾ?”

“ಇಲ್ಲವೇ.”

“ಪಾದ್ರಿ ಮೇಲೆ?”

“ಪಾಪ, ಅವರು ಒಳ್ಳೇವರು.”

“ಹಾಗಾದ್ರೆ ಇದೆಂಥ ಹಟ? ನಿಮ್ಮಕ್ಕನಿಗಾದ್ರೂ ಹೊಳೇಲಿ ಮುಳುಗಿದ ನೆಪ ಇತ್ತು. ನಿಮಗೇನಿದೆ?”

ನನಗೇನಿದೆ? ಬ್ಯಾಪ್ಟಿಸ್ಟನಲ್ಲ. ಯಾವ ದೇವರೂ ನನ್ನನ್ನು ಚಳಿಯಲ್ಲಿ ಕರೆದಿಲ್ಲ. ಲೆಕ್ಕ ಹಾಕಿ ನೋಡಿದರೆ ಎಲ್ಲ ಕಡೆಯಿಂದಲೂ ನಷ್ಟ.

1819, ಜನವರಿ 9

ಲೂಮಿಸ್ ಗಾಡಿ ತಂದ. ಮುಂದಿನ ಕೋಣೆಯ ಸುತ್ತ ಕಣ್ಣಾಡಿಸಿದ. ಗಡಿಯಾರ ನೋಡಿದ, ರೋಡಾಳ ಬೆಳ್ಳಿ ಚಮಚ ನೋಡಿದ. ಕೊನೆಗೆ ಹಂಡೆಯ ಮುಂದೆ ನಿಂತ.

“ಇದರ ಬೆಲೆ ನಮಗೆಲ್ಲ ಗೊತ್ತಿರೋದೇ. ತಕರಾರು ಬರಲ್ಲ.”

“ಅದು ಬೇಡಿ. ಗಡಿಯಾರ ತಗೊಳ್ಳಿ.”

“ಗಡಿಯಾರ ಹೆಚ್ಚಾಗತ್ತಯ್ಯಾ. ಬೇಕಾದ್ದಕ್ಕಿಂತ ಹೆಚ್ಚು ಎತ್ತೋದು ಅನ್ಯಾಯ.” ನಿಜಕ್ಕೂ ಹಾಗೇ ನಂಬಿದ್ದಾನೆ. ಹೊಸ್ತಿಲಲ್ಲಿ ತಿರುಗಿ, ಸ್ನೇಹದಿಂದಲೇ ಹೇಳಿದ: “ಒಂದು ಚೀಟಿ ಪೆಟಿಬೋನ್. ಗಾಡಿ ಇಲ್ಲೇ ನಿಲ್ಲಿಸ್ತೀನಿ, ಬರೆದುಕೊಡು.”

ರೋಡಾ ಮಸಿಕುಡಿಕೆಯನ್ನು ತಾನೇ ತಂದು ಮೇಜಿನ ಮೇಲಿಟ್ಟಳು. ಶಾಯಿ ಹೆಪ್ಪುಗಟ್ಟಿರಲಿಲ್ಲ. ಒಲೆಯ ಪಕ್ಕ ಇಟ್ಟು ಕರಗಿಸಿದ್ದಳು. ಕೂತೆ. ಗರಿ ಅದ್ದಿದೆ. ಕಾಗದದ ಮೇಲೆ ಅಕ್ಕನಂತೆ ಗುಡಾರದ ಆಕಾರ ಗೀಚಿ ಒಳಗೊಂದು ಚುಕ್ಕೆ ಇಟ್ಟಿದ್ದೆ. ಯಾವಾಗ ಗೀಚಿದೆನೋ ಗೊತ್ತಿಲ್ಲ. ಹರಿದು ಒಲೆಗೆ ಹಾಕಿದೆ.

ಗಾಡಿ ಹೋಯಿತು.

ಫೆಬ್ರವರಿ 1

ಪಕ್ಕದೂರಿನ ಕೂಗುವವನಿಗೆ ಕೆಮ್ಮು. ನಾನೇ ಕೂಗಿದೆ. ತನ್ನ ಸಾಮಾನನ್ನು ತಾನೇ ಕೂಗುವವನನ್ನು ನೋಡಲು ಊರೆಲ್ಲ ಬಂದಿತ್ತು. ಮರದ ಕೊಂಬೆಯ ಮೇಲೂ ಜನ.

ನಗಾರಿ ಬಾರಿಸಿದೆ. ಇಂಗ್ಲೆಂಡಿನ ಹಿತ್ತಾಳೆ, ಅಜ್ಜಿ, ಚರ್ಚಿನ ಗಂಟೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಾವುದೂ ಹೊರಗೆ ಬರಲಿಲ್ಲ. ಬಂದದ್ದು ಇದು:

“ಇದು ಹೆಪ್ಸಿಬಾಳ ಹಂಡೆ. ಬಣ್ಣ ಹಾಕಿ ಬದುಕಿದ ವಿಧವೆ. ಅವಳು ಕೇಳದ ಉಪದೇಶದ ಕೂಲಿಗೆ ಇದನ್ನ ಕುದೀತಿದ್ದ ಒಲೆ ಮೇಲಿಂದ ಎತ್ತಿದ್ರು. ಎತ್ತಿದವರು ಇಲ್ಲೇ ಇದ್ದಾರೆ. ಮಾರಿದೋನು ಅವಳ ತಮ್ಮ. ನೂರಕ್ಕೆ ಐದು ತಗೊಂಡು ನಗಿಸಿ ಮಾರಿದ. ನಕ್ಕವರೂ ಇಲ್ಲೇ ಇದ್ದೀರಿ. ಅದಕ್ಕೂ ಮುಂಚೆ ಅವಳ ಗುರುತು ಕದ್ದು ಸುಳ್ಳು ಚೀಟಿ ಹಾಕಿ, ಅವಳ ಜನರ ಮುಂದೆ ಅವಳನ್ನ ಸುಳ್ಳಿ ಮಾಡಿದೋನೂ ಅವನೇ. ಈ ಕಡೆ ತಗ್ಗು ನೋಡಿ. ಮೂರು ವರ್ಷದವನಿದ್ದಾಗ ಅವನು ಚಮಚದಲ್ಲಿ ಬಡಿದದ್ದು. ಅವಳು ಈಗ ಜೆನೆಸೀಲಿ ಇದ್ದಾಳೆ, ಅಥವಾ ದಾರೀಲೇ ಎಲ್ಲೋ. ಇದಕ್ಕೆ ಎಷ್ಟು ಕೊಡ್ತೀರಿ?”

ಲೂಮಿಸ್ ನೆಲ ನೋಡುತ್ತಿದ್ದ. ಈಗ ಯಾರೂ ಬೆಲೆ ಕೂಗುವುದಿಲ್ಲ, ಹಂಡೆ ಹಾಗೇ ಉಳಿಯುತ್ತದೆ ಎಂದುಕೊಂಡೆ.

ಆಮೇಲೆ ಹಿಂದಿನಿಂದ ಯಾರೋ ಜೋರಾಗಿ ನಕ್ಕರು. “ಭೇಷ್ ಪೆಟಿಬೋನ್! ಕಣ್ಣೀರಿಗೂ ರೇಟು ಕಟ್ಟಿಬಿಟ್ಟೆಯಲ್ಲ! ಇಂಥ ಕೂಗು ಕೇಳೇ ಇರಲಿಲ್ಲ!” ಕಟ್ಟೆ ಒಡೆದಂತೆ ಎಲ್ಲರೂ ನಕ್ಕರು. ಒಂದು ಡಾಲರ್, ಎರಡು, ಮೂರು. ಕೂಗಲೇ ಎಂಬಂತೆ ಓಝಿಯಾಸ್ ನನ್ನ ಮುಖ ನೋಡಿದ, ನಾನು ತಲೆಯಾಡಿಸಲಿಲ್ಲ. ಹೋದ ವರ್ಷಕ್ಕಿಂತ ಎರಡರಷ್ಟಕ್ಕೆ ಏರಿತು. ಕಥೆ ಇರುವ ಸಾಮಾನಿಗೆ ಬೆಲೆ ಹೆಚ್ಚು. ಅದನ್ನೂ ನಾನೇ ಈ ಊರಿಗೆ ಕಲಿಸಿದ್ದು.

ಲೂಮಿಸ್‌ಗೆ ಬಿತ್ತು. ನಾಳೆ ಅವನ ಮನೆಯಲ್ಲಿ ಹಂದಿ ಕೊಯ್ಯುತ್ತಾರೆ.

ತೆರಿಗೆ ಕಳೆದು ಮಿಕ್ಕಿದ್ದನ್ನು ಚಾಚಿದ, ಜೊತೆಗೆ ನೂರಕ್ಕೆ ಐದು. ಕೈ ಚಾಚಲಿಲ್ಲ. ಕಂಬದ ಬುಡದಲ್ಲಿಟ್ಟ. ಹೋಗುವಾಗ ಬೆನ್ನು ತಟ್ಟಿ ಹೇಳಿದ: “ಈ ವರ್ಷದ್ದು ಮುಗೀತು. ಮುಂದಿನ ವರ್ಷಕ್ಕಾದ್ರೂ ಆ ಚೀಟಿ ಬರ್ಕೊಟ್ಟುಬಿಡಯ್ಯಾ.”

ಬರೆಯುವುದಿಲ್ಲ. ಎತ್ತಿಕೊಂಡು ಹೋಗಲು ಗಡಿಯಾರ ಇದೆ, ಚಮಚ ಇದೆ.